ಸಹವೇಲೆನ್ಸೀಯ ಬಂಧ: ‘ಹಂಚಿಕೆ’ ಎಂಬ ಮಾತಿನ ತೊಡಕು

ಮಾನ್ಯ ಸಂಪಾದಕರೇ,

ಪರಮಾಣುಗಳು ಕೂಡಿ ಅಣುಗಳಾಗುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಹತ್ತನೆಯ ತರಗತಿಯ ಮಕ್ಕಳಿಗೆ ರಸಾಯನವಿಜ್ಞಾನವನ್ನು ಕನ್ನಡದಲ್ಲಿ ತಿಳಿಸಿ ಹೇಳುವವರೇ ವಿರಳವಾಗಿರುವಾಗ ಪತ್ರಿಕೆಯೊಂದು ಅದಕ್ಕೆ ಅರ್ಧ ಪುಟ ಮೀಸಲಿಡುತ್ತಿರುವುದು ನನ್ನಂಥ ನಿವೃತ್ತ ಮೇಷ್ಟರಿಗೆ ಸಂತೋಷದ ಸಂಗತಿ. ಆದರೆ ಬರಹದ ಎರಡು ವಾಕ್ಯಗಳ ಬಗ್ಗೆ ನನ್ನ ತಕರಾರಿದೆ. ‘ಎಂಟು ಎಲೆಕ್ಟ್ರಾನ್‌ಗಳನ್ನು ಪಡೆಯುವ ಆಸೆಯಿಂದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುತ್ತವೆ’ ಎಂಬುದು ಮೊದಲನೆಯದು; ಹೀಗಾಗುವ ಬಂಧವೇ ಸಹವೇಲೆನ್ಸೀಯ ಬಂಧ, ಎಂಟು ಎಂದರೆ ಪರಮಾಣುವಿನ ಹೊರಕವಚದಲ್ಲಿ ಎಂಟು. ‘ಬಂಧ ಒಡೆದಾಗ ಅದರೊಳಗೆ ಅಡಗಿದ್ದ ಶಕ್ತಿ ಹೊರಬರುತ್ತದೆ’ ಎಂಬುದು ಎರಡನೆಯದು. ಮೊದಲನೆಯದು ಅರೆಸತ್ಯ, ಎರಡನೆಯದು ಪೂರ್ತಿ ತಪ್ಪು. ಲೇಖಕರನ್ನು ದೂರುವುದು ನನ್ನ ಉದ್ದೇಶವಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳಿದ ಮೊದಲ ಹಲವು ವರ್ಷ ನಾನೂ ಮೊದಲನೆಯ ವಾಕ್ಯವನ್ನೇ ಅಕ್ಷರಶಃ ಬರೆಸುತ್ತಿದ್ದೆ.

ಅದನ್ನು ಬಿಡುವಂತೆ ಮಾಡಿದ್ದು ಒಬ್ಬ ವಿದ್ಯಾರ್ಥಿನಿಯ ಉತ್ತರ ಪತ್ರಿಕೆ. ಕಿರುಪರೀಕ್ಷೆಯಲ್ಲಿ ಹೈಡ್ರೋಜನ್ ಅಣುವಿನ ಚಿತ್ರ ಬರೆಯಲು ಹೇಳಿದ್ದೆ. ಆಕೆ ಎರಡು ವೃತ್ತಗಳನ್ನು ಅಚ್ಚುಕಟ್ಟಾಗಿ ಬರೆದು, ನಡುವೆ ಎರಡು ಚುಕ್ಕೆಗಳನ್ನಿಟ್ಟು, ಆ ಚುಕ್ಕೆಗಳ ಮಧ್ಯೆ ಸ್ಕೇಲ್ ಹಿಡಿದು ಒಂದು ಲಂಬ ಗೆರೆಯನ್ನು ಎಳೆದಿದ್ದಳು. ಗೆರೆಯ ಆಚೆ ಒಂದು ಚುಕ್ಕೆ, ಈಚೆ ಒಂದು ಚುಕ್ಕೆ. ಕೆಳಗೆ ‘ಹಂಚಿಕೆಯ ನಂತರ ತಲಾ ಒಂದು’ ಎಂಬ ಬರಹ. ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ, ಮಾರನೆಯ ದಿನ ಕರೆದು ಕೇಳಿದೆ. ‘ಇಬ್ಬರು ಹಂಚಿಕೊಂಡರೆ ತಲಾ ಒಂದೇ ಅಲ್ವಾ ಸರ್ ಬರೋದು? ನಮ್ಮಪ್ಪ, ಚಿಕ್ಕಪ್ಪ ಹೊಲ ಹಂಚಿಕೊಂಡಾಗ ಮಧ್ಯೆ ಬದು ಹಾಕಿದ್ರು’ ಎಂದಳು. ಉತ್ತರ ಕೊಡಲು ನನಗೆ ತಕ್ಷಣ ತೋಚಲಿಲ್ಲ. ರಸಾಯನವಿಜ್ಞಾನದಲ್ಲಿ ಆಕೆ ತಪ್ಪಿದ್ದಳು, ಕನ್ನಡದಲ್ಲಿ ಸರಿಯಾಗಿದ್ದಳು.

ತೊಡಕಿನ ಬೇರು ಇರುವುದು ಇಲ್ಲೇ. ಇಂಗ್ಲಿಷಿನ ‘ಷೇರ್’ ಎಂಬ ಮಾತಿಗೆ ಭಾಗ ಮಾಡಿಕೊಳ್ಳುವುದು, ಒಂದನ್ನೇ ಕೂಡಿ ಬಳಸುವುದು ಎಂಬ ಎರಡು ಅರ್ಥಗಳೂ ಸಲೀಸಾಗಿ ಹೊಂದುತ್ತವೆ. ಕನ್ನಡದಲ್ಲಿ ಅನುಭವವನ್ನೋ ಸುದ್ದಿಯನ್ನೋ ಹಂಚಿಕೊಳ್ಳುವ ಮಾತು ಈಚೆಗೆ ರೂಢಿಗೆ ಬಂದಿದೆ, ನಿಜ. ಆದರೆ ಎಣಿಸಬಹುದಾದ, ಅಳೆಯಬಹುದಾದ ವಸ್ತುವಿನ ಮಾತು ಬಂದಾಗ ‘ಹಂಚಿಕೊಂಡರು’ ಎಂದರೆ ಪಾಲಾಯಿತು, ಇನ್ನು ಅವರದ್ದು ಅವರಿಗೆ, ಇವರದ್ದು ಇವರಿಗೆ ಎಂದೇ ಅರ್ಥ. ಎರಡು ಹೋಳಿಗೆಯನ್ನು ಇಬ್ಬರು ಮಕ್ಕಳು ಹಂಚಿಕೊಂಡರೆ ಯಾರಿಗೂ ಎರಡು ಸಿಗುವುದಿಲ್ಲ. ಎಲೆಕ್ಟ್ರಾನ್ ಎಣಿಸಬಹುದಾದ ವಸ್ತು. ಹಾಗಾಗಿ ‘ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುತ್ತವೆ’ ಎಂದ ಕೂಡಲೇ ಹಳ್ಳಿಯ ಮಗುವಿನ ಮನಸ್ಸಿನಲ್ಲಿ ಬದು ಎದ್ದು ನಿಲ್ಲುತ್ತದೆ.

ಬಂಧದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಭಾಗವಾಗದೆ ಪಹಣಿಯಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿ ಜಂಟಿಯಾಗಿ ಉಳಿದಿರುವ ಎರಡು ಎಕರೆಯನ್ನು ನೆನೆಸಿಕೊಳ್ಳಿ. ಅಣ್ಣನನ್ನು ಕೇಳಿದರೆ ಆ ಎರಡು ಎಕರೆ ನಮ್ಮದು ಎನ್ನುತ್ತಾನೆ, ತಮ್ಮನನ್ನು ಕೇಳಿದರೂ ಅದೇ ಮಾತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕ್ಲೋರಿನ್ ಅಣುವಿನಲ್ಲಿ ಎರಡು ಪರಮಾಣುಗಳಿಗೆ ಸೇರಿ ಹೊರಕವಚದಲ್ಲಿರುವುದು ಹದಿನಾಲ್ಕೇ ಎಲೆಕ್ಟ್ರಾನ್‌ಗಳು. ಹದಿನಾಲ್ಕನ್ನು ಇಬ್ಬರಿಗೆ ಪಾಲು ಮಾಡಿದರೆ ತಲಾ ಏಳು, ಎಂಟಾಗುವ ಮಾತೇ ಇಲ್ಲ. ಒಂದು ಜೋಡಿಯನ್ನು ಜಂಟಿ ಖಾತೆಗೆ ಬಿಟ್ಟು, ಉಳಿದ ಆರಾರನ್ನು ಅವರವರ ಸ್ವಂತಕ್ಕೆ ಇಟ್ಟು, ಜಂಟಿ ಜೋಡಿಯನ್ನು ಇಬ್ಬರ ಲೆಕ್ಕದಲ್ಲೂ ಹಿಡಿದಾಗ ಮಾತ್ರ ಇಬ್ಬರಿಗೂ ಎಂಟಾಗುತ್ತದೆ. ಅಂದಿನಿಂದ ನಿವೃತ್ತನಾಗುವವರೆಗೆ ನಾನು ತರಗತಿಯಲ್ಲಿ ‘ಜಂಟಿಯಾಗಿ ಹೊಂದುತ್ತವೆ’, ‘ಜಂಟಿ ಜೋಡಿ’ ಎಂದೇ ಹೇಳಿದೆ. ಗೆರೆ ಎಳೆದ ಚಿತ್ರ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ‘ಸಹವೇಲೆನ್ಸೀಯ’ ಎಂಬ ಪಾರಿಭಾಷಿಕ ಪದದಲ್ಲಿರುವ ‘ಸಹ’ ಎಂಬ ಅಂಶ ಕೂಡ ಇದನ್ನೇ ಹೇಳುತ್ತದೆ. ಪದ ಸರಿಯಾಗಿಯೇ ಇದೆ, ಅದನ್ನು ವಿವರಿಸುವ ವಾಕ್ಯ ಮಾತ್ರ ಹಾದಿ ತಪ್ಪಿಸುತ್ತಿದೆ.

ಇನ್ನು ‘ಆಸೆ’ಯ ವಿಚಾರ. ಪರಮಾಣುವಿಗೆ ಆಸೆಯಿಲ್ಲ, ಎಣಿಸಲು ಬರುವುದಿಲ್ಲ ಎಂಬುದು ಲೇಖಕರಿಗೂ ಗೊತ್ತಿರುತ್ತದೆ. ಅದು ಮಕ್ಕಳಿಗಾಗಿ ಬಳಸಿದ ಅಲಂಕಾರ. ಆದರೆ ಅಲಂಕಾರವು ಕಾರಣದ ಜಾಗದಲ್ಲಿ ಕುಳಿತುಬಿಟ್ಟರೆ, ಬಂಧ ಏಕೆ ಆಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಮತ್ತೆ ಕೇಳುವುದಿಲ್ಲ. ನಿಜವಾದ ಕಾರಣವನ್ನು ತಿಳಿಯಲು ಎಂಟರ ಗೊಡವೆಯೇ ಇಲ್ಲದ ಹೈಡ್ರೋಜನ್ನೇ ಒಳ್ಳೆಯ ಉದಾಹರಣೆ.

ಒಂದು ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಇಂಥ ಎರಡು ಪರಮಾಣುಗಳು ದೂರದೂರವಿರುವಾಗ ಒಂದಕ್ಕೆ ಇನ್ನೊಂದರ ಪರಿವೆಯಿರುವುದಿಲ್ಲ. ಅವು ಹತ್ತಿರ ಬರುತ್ತಾ ಬಂದಂತೆ ಈ ಕಡೆಯ ಎಲೆಕ್ಟ್ರಾನಿನ ಮೇಲೆ ಆ ಕಡೆಯ ಪ್ರೋಟಾನಿನ ಸೆಳೆತವೂ, ಆ ಕಡೆಯ ಎಲೆಕ್ಟ್ರಾನಿನ ಮೇಲೆ ಈ ಕಡೆಯ ಪ್ರೋಟಾನಿನ ಸೆಳೆತವೂ ಬೀಳತೊಡಗುತ್ತವೆ. ಜೊತೆಗೆ ಎಲೆಕ್ಟ್ರಾನುಗಳೆರಡು ಪರಸ್ಪರ ದೂಡುತ್ತವೆ, ಪ್ರೋಟಾನುಗಳೆರಡೂ ಪರಸ್ಪರ ದೂಡುತ್ತವೆ. ಈ ಎಳೆದಾಟ, ತಳ್ಳಾಟಗಳ ಒಟ್ಟು ಲೆಕ್ಕದಲ್ಲಿ ಮೊದಮೊದಲು ಸೆಳೆತದ ಕೈ ಮೇಲಾಗಿ, ವ್ಯವಸ್ಥೆಯ ಒಟ್ಟು ಶಕ್ತಿ ಇಳಿಯುತ್ತಾ ಹೋಗುತ್ತದೆ. ಪ್ರೋಟಾನುಗಳ ನಡುವಿನ ದೂರ 74 ಪಿಕೋಮೀಟರ್ ಆದಾಗ, ಅಂದರೆ ಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ 74 ಭಾಗಗಳಷ್ಟಾದಾಗ, ಶಕ್ತಿ ಅತ್ಯಂತ ಕೆಳಮಟ್ಟಕ್ಕೆ ಬರುತ್ತದೆ. ಅದಕ್ಕಿಂತಲೂ ಹತ್ತಿರಕ್ಕೆ ಒತ್ತಿದರೆ ಪ್ರೋಟಾನುಗಳ ತಳ್ಳಾಟ ವಿಪರೀತವಾಗಿ ಶಕ್ತಿ ಸರಕ್ಕನೆ ಏರುತ್ತದೆ. ಬಾಣಲೆಯಲ್ಲಿ ಬಿಟ್ಟ ಗೋಲಿ ಎತ್ತಲಿಂದ ಉರುಳಿದರೂ ತಳಕ್ಕೆ ಬಂದು ನಿಲ್ಲುವಂತೆ ಎರಡು ಪರಮಾಣುಗಳು ಆ ದೂರದಲ್ಲಿ ನೆಲೆಗೊಳ್ಳುತ್ತವೆ. ಇದೇ ಬಂಧ. ಒಂದು ಮೋಲ್ (ಅಣುಗಳನ್ನು ಎಣಿಸಲು ರಸಾಯನವಿಜ್ಞಾನಿಗಳು ಬಳಸುವ ಗೊತ್ತಾದ ಸಂಖ್ಯೆ) ಹೈಡ್ರೋಜನ್ ಅಣುಗಳನ್ನು ಮತ್ತೆ ಬಿಡಿ ಪರಮಾಣುಗಳಾಗಿಸಲು 436 ಕಿಲೋಜೂಲ್ ಶಕ್ತಿಯನ್ನು ಹೊರಗಿನಿಂದ ಕೊಡಬೇಕು. ಅವು ಕೂಡುವಾಗ ಅಷ್ಟೇ ಶಕ್ತಿ ಹೊರಬೀಳುತ್ತದೆ.

ನಿಲ್ಲುತ್ತವೆ ಎಂದೆನಾದರೂ ಗೋಲಿ ಪೂರ್ತಿ ನಿಶ್ಚಲವಾಗುವುದಿಲ್ಲ. ಎರಡು ಪರಮಾಣುಗಳು ಸೆಕೆಂಡಿಗೆ ಕೋಟಿ ಕೋಟಿಗೂ ಮಿಕ್ಕಿ ಬಾರಿ ಹತ್ತಿರ-ದೂರ, ಹತ್ತಿರ-ದೂರ ಎಂದು ಕಂಪಿಸುತ್ತಲೇ ಇರುತ್ತವೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ಗಟ್ಟಿ ಕಡ್ಡಿಗಿಂತ ಸ್ಪ್ರಿಂಗ್ ಹೆಚ್ಚು ಒಪ್ಪುವ ಹೋಲಿಕೆ. ಹೈಡ್ರೋಜನ್ ಅಣುವಿನ ಈ ಕಂಪನ ಅತಿಗೆಂಪು ಕಿರಣಗಳ ಸಾಮಾನ್ಯ ಪರೀಕ್ಷೆಗೆ ಸಿಗುವುದಿಲ್ಲ. ಅದನ್ನು ಕಾಣಿಸುವುದು 1928ರಲ್ಲಿ ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಕಂಡುಹಿಡಿದ, ಅಣುಗಳಿಂದ ಚದುರಿದ ಬೆಳಕಿನಲ್ಲಿ ಕೊಂಚ ಭಾಗದ ಬಣ್ಣ ಬದಲಾಗುವ ಪರಿಣಾಮ. ಐದು ವರ್ಷಗಳ ನಂತರ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದ ವಿಜ್ಞಾನಿಯ ಹೆಸರನ್ನು ಬಂಧದ ಪಾಠದಲ್ಲಿ ಹೇಳುವ ಅವಕಾಶವನ್ನು ನಾವು ಏಕೆ ಬಿಟ್ಟುಕೊಡಬೇಕೋ ತಿಳಿಯದು.

ಋಣಾವೇಶವಿರುವ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುವಾಗ ಜೋಡಿಯಾಗಿ ಹೇಗೆ ಇರುತ್ತವೆ ಎಂಬ ಪ್ರಶ್ನೆಯನ್ನು ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ. ರಸಾಯನವಿಜ್ಞಾನಿಗಳು 1850ರ ದಶಕದ ಕೊನೆಯಿಂದಲೂ ಪರಮಾಣುಗಳ ನಡುವೆ ಗೆರೆ ಎಳೆಯುತ್ತಿದ್ದರು. ಆ ಗೆರೆ ಯಾವುದರಿಂದ ಆದದ್ದು ಎಂಬುದು ಅವರಿಗೆ ತಿಳಿದಿರಲಿಲ್ಲ. 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾದ ಮೇಲೆ, 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಒಂದು ಗೆರೆಯೆಂದರೆ ಎರಡೂ ಪರಮಾಣುಗಳಿಗೆ ಸೇರಿದ ಒಂದು ಜೋಡಿ ಎಲೆಕ್ಟ್ರಾನ್ ಎಂದರು. ಬಂಧಕ್ಕೆ ಇಂದಿನ ಹೆಸರನ್ನೂ ಎಂಟರ ಗುಂಪಿಗೆ ‘ಅಷ್ಟಕ’ ಎಂಬ ಮಾತನ್ನೂ ಬಳಕೆಗೆ ತಂದವರು 1919ರಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್. ಜೋಡಿ ಏಕೆ ಎಂಬುದಕ್ಕೆ ಲೂಯಿಸರ ಬಳಿಯೂ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು 1927ರಲ್ಲಿ, ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಎಂಬ ಇಬ್ಬರು ತರುಣರು ಆಗಷ್ಟೇ ಹುಟ್ಟಿದ್ದ ಕ್ವಾಂಟಮ್ ಸಿದ್ಧಾಂತವನ್ನು ಹೈಡ್ರೋಜನ್ ಅಣುವಿಗೆ ಅನ್ವಯಿಸಿದಾಗ. ಎಲೆಕ್ಟ್ರಾನ್ ಒಂದು ಬಿಂದುವಿನಲ್ಲಿ ಕುಳಿತಿರುವ ಗೋಲಿಯಲ್ಲ, ಅಲೆಯಂತೆ ಹರಡಿಕೊಂಡಿರುತ್ತದೆ; ಎರಡು ಪರಮಾಣುಗಳ ಅಲೆಗಳು ನಡುವೆ ಒಂದರ ಮೇಲೊಂದು ಬಂದು ಬಲಗೊಂಡಾಗ ಶಕ್ತಿ ಇಳಿಯುತ್ತದೆ. ಕಡಿಮೆ ಶಕ್ತಿಯ ಆ ಒಂದು ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳಿಗೆ ಮಾತ್ರ ಜಾಗವಿದೆ, ಅದೂ ಅವುಗಳ ಸ್ಪಿನ್ (ಎಲೆಕ್ಟ್ರಾನಿನ ಒಂದು ಸಹಜ ಗುಣ, ಅದಕ್ಕೆ ಎರಡೇ ದಿಕ್ಕು) ಒಂದಕ್ಕೊಂದು ವಿರುದ್ಧವಾಗಿದ್ದರೆ. ಸ್ಪಿನ್ ಕೂಡ ಒಂದೇ ಆಗಿರುವ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿರಲಾರವು ಎಂಬ ಪೌಲಿ ನಿಯಮ ಮೂರನೆಯದಕ್ಕೆ ಅಡ್ಡಬರುತ್ತದೆ. ಎರಡು ಹೀಲಿಯಂ ಪರಮಾಣುಗಳು ಅಣುವಾಗಿ ಕೂಡದಿರುವುದೂ ಇದರಿಂದಲೇ: ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಎರಡು ಕೆಳಗಿನ ಸ್ಥಿತಿಗೆ ಹೋದರೆ ಉಳಿದೆರಡು ಮೇಲಿನ ಸ್ಥಿತಿಗೆ ಹೋಗಲೇಬೇಕಾಗಿ, ಕಟ್ಟಿದ್ದನ್ನು ಅವು ಕೆಡವಿಬಿಡುತ್ತವೆ. ಶಕ್ತಿ ಇಳಿಯುವುದರ ಮೂಲ ಕಾರಣ ನಡುವೆ ಶೇಖರವಾದ ಋಣಾವೇಶದ ಸೆಳೆತವೋ, ಅಥವಾ ಎರಡು ಕೇಂದ್ರಗಳ ಮೇಲೆ ಹರಡಿಕೊಂಡಾಗ ಎಲೆಕ್ಟ್ರಾನಿನ ಇಕ್ಕಟ್ಟು ತಗ್ಗುವುದೋ ಎಂಬ ಬಗ್ಗೆ 1962ರಲ್ಲಿ ಕ್ಲಾಸ್ ರೂಡೆನ್‌ಬರ್ಗ್ ಎರಡನೆಯದರ ಪರವಾಗಿ ಬಲವಾದ ವಾದ ಮುಂದಿಟ್ಟರು. ಪಂಡಿತರ ಚರ್ಚೆ ಇನ್ನೂ ಮುಗಿದಿಲ್ಲ. ಶಾಲೆಯ ಮಕ್ಕಳಿಗೆ ಅಷ್ಟು ದೂರ ಬೇಡ. ‘ಕೂಡಿದರೆ ಶಕ್ತಿ ಇಳಿಯುತ್ತದೆ, ಅದಕ್ಕೇ ಕೂಡುತ್ತವೆ’ ಎಂಬಷ್ಟು ಸಾಕು.

ಹಾಗಾದರೆ ಎಂಟರ ನಿಯಮ ಸುಳ್ಳೇ? ಸುಳ್ಳಲ್ಲ; ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೂರಿನ್‌ಗಳ ಸಂಯುಕ್ತಗಳಲ್ಲಿ ಬಹುಪಾಲಿಗೆ ಹೊಂದುವ, ಬೇಗ ಲೆಕ್ಕ ಹಾಕಲು ಬರುವ ಒಂದು ಬಾಯಿಲೆಕ್ಕ. ಬೋರಾನ್ ಟ್ರೈಫ್ಲೂರೈಡಿನ ಬೋರಾನ್ ಆರಕ್ಕೇ ತೃಪ್ತಿಪಡುತ್ತದೆ. ಸಲ್ಫರ್ ಹೆಕ್ಸಾಫ್ಲೂರೈಡಿನಲ್ಲಿ ಗೆರೆಗಳನ್ನು ಎಣಿಸಿದರೆ ಸಲ್ಫರಿನ ಸುತ್ತ ಹನ್ನೆರಡಾಗುತ್ತವೆ. ಎಂಟು ತುಂಬಿರುವುದರಿಂದ ಯಾವುದರೊಡನೆಯೂ ಕೂಡಲಾರದು ಎಂದು ದಶಕಗಳ ಕಾಲ ನಂಬಿದ್ದ ಕ್ಸೆನಾನ್ ಅನಿಲವನ್ನು 1962ರಲ್ಲಿ ನೀಲ್ ಬಾರ್ಟ್ಲೆಟ್ ಸಂಯುಕ್ತವಾಗಿಸಿ ತೋರಿಸಿದರು. ಒಂದೇ ಒಂದು ಎಲೆಕ್ಟ್ರಾನ್ ಎರಡು ಪ್ರೋಟಾನುಗಳನ್ನು ಹಿಡಿದಿಡುವ ಹೈಡ್ರೋಜನ್ ಅಣು ಅಯಾನ್ (ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಾವೇಶ ಹೊತ್ತ ಅಣು) ಕೂಡ ಇದೆ. ಅಲ್ಲಿ ಎಂಟೂ ಇಲ್ಲ, ಜೋಡಿಯೂ ಇಲ್ಲ, ಬಂಧ ಮಾತ್ರ ಇದೆ. ಎರಡು ಕಾರ್ಬನ್ ಪರಮಾಣುಗಳ ನಡುವೆಯೂ ಅಂಥ ಒಂಟಿ ಎಲೆಕ್ಟ್ರಾನಿನ ಬಂಧವಿರುವ ಸಂಯುಕ್ತವನ್ನು ಜಪಾನಿನ ಸಂಶೋಧಕರು 2024ರಲ್ಲಿ ವರದಿ ಮಾಡಿದ್ದಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ನಾವು ಉಸಿರಾಡುವ ಆಕ್ಸಿಜನ್. ಬೆಂಗಳೂರಿನ ಒಂದು ಸಂಸ್ಥೆಯ ಸಾರ್ವಜನಿಕ ಪ್ರದರ್ಶನದಲ್ಲಿ ಒಮ್ಮೆ ದ್ರವರೂಪದ ಆಕ್ಸಿಜನ್ನನ್ನು ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸುರಿದು ತೋರಿಸಿದರು. ತಿಳಿನೀಲಿ ಬಣ್ಣದ ಆ ದ್ರವ ಕೆಳಗೆ ಸೋರಿಹೋಗದೆ ಧ್ರುವಗಳ ನಡುವೆ ಸೇತುವೆಯಂತೆ ಅಂಟಿಕೊಂಡು, ಬುಸುಗುಟ್ಟುತ್ತಾ ಆವಿಯಾಗುವವರೆಗೂ ಅಲ್ಲೇ ನೇತಾಡುತ್ತಿತ್ತು. ಅಷ್ಟಕ ನಿಯಮದಂತೆ ಚಿತ್ರ ಬರೆದರೆ ಆಕ್ಸಿಜನ್ ಅಣುವಿನಲ್ಲಿ ದ್ವಿಬಂಧ, ಅಂದರೆ ಎರಡು ಜಂಟಿ ಜೋಡಿ, ಇದ್ದು ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿರುತ್ತವೆ. ಜೋಡಿಯಾದವು ಅಯಸ್ಕಾಂತಕ್ಕೆ ಹೀಗೆ ಅಂಟಿಕೊಳ್ಳುವುದಿಲ್ಲ. ವಾಸ್ತವದಲ್ಲಿ ಅಲ್ಲಿ ಎರಡು ಎಲೆಕ್ಟ್ರಾನ್‌ಗಳು ಒಂಟಿಯಾಗಿಯೇ ಉಳಿದಿವೆ. ನಾನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಪೂರ್ಣ ಅಂಕ ಕೊಟ್ಟಿದ್ದ ಚಿತ್ರವನ್ನು ಒಂದು ಲೋಟ ದ್ರವ ನನ್ನ ಕಣ್ಣೆದುರೇ ಅಲ್ಲಗಳೆಯಿತು.

ಜಂಟಿ ಖಾತೆಯ ಹೋಲಿಕೆಗೂ ಮಿತಿಗಳಿವೆ, ಆದರೆ ಅದು ಇನ್ನೂ ಸ್ವಲ್ಪ ದೂರ ನಮ್ಮೊಡನೆ ಬರುತ್ತದೆ. ಜಮೀನು ಜಂಟಿಯಾಗಿದ್ದರೂ ಯಜಮಾನಿಕೆ ಒಬ್ಬನದೇ ಹೆಚ್ಚಾಗಿರುವುದುಂಟು. ಹೈಡ್ರೋಜನ್ ಕ್ಲೋರೈಡಿನಲ್ಲಿ ಜಂಟಿ ಜೋಡಿ ಕ್ಲೋರಿನ್ ಕಡೆಗೆ ವಾಲಿರುತ್ತದೆ, ನೀರಿನಲ್ಲಿ ಆಕ್ಸಿಜನ್ ಕಡೆಗೆ. ಈ ಸೆಳೆಯುವ ಬಲವನ್ನು ಅಂಕಿಯಲ್ಲಿ ಹೇಳುವ ಮಾಪಕವನ್ನು ರೂಪಿಸಿದವರು ಲೈನಸ್ ಪೌಲಿಂಗ್. ಅದರಲ್ಲಿ ಹೈಡ್ರೋಜನ್‌ಗೆ 2.20, ಕ್ಲೋರಿನ್‌ಗೆ 3.16. ಇನ್ನು ಅಮೋನಿಯಾ ಅಣುವೊಂದು ಹೈಡ್ರೋಜನ್ ಅಯಾನಿನೊಡನೆ ಕೂಡಿ ಅಮೋನಿಯಂ ಆಗುವಾಗ ಜೋಡಿಯ ಎರಡೂ ಎಲೆಕ್ಟ್ರಾನ್‌ಗಳನ್ನು ತರುವುದು ನೈಟ್ರೋಜನ್ ಒಂದೇ, ಎದುರಾಳಿ ಬರಿಗೈಯಲ್ಲಿ ಬಂದಿರುತ್ತದೆ. ಆದರೂ ಬಂಧವಾದ ಮೇಲೆ ನಾಲ್ಕು ಬಂಧಗಳಲ್ಲಿ ಹೊಸದು ಯಾವುದು ಎಂದು ಯಾವ ಉಪಕರಣವೂ ಗುರುತಿಸಲಾರದು. ಒಂದು ಪರಮಾಣುವಿನ ಎಲೆಕ್ಟ್ರಾನಿಗೆ ಚುಕ್ಕೆ, ಇನ್ನೊಂದರದ್ದಕ್ಕೆ ಗುಣಾಕಾರದ ಗುರುತು ಹಾಕುವ ನಮ್ಮ ಶಾಲಾ ಚಿತ್ರಗಳು, ಜಂಟಿಗೆ ಬಂದ ಮೇಲೂ ಎಲೆಕ್ಟ್ರಾನ್ ತನ್ನ ಮೂಲ ಮನೆಯ ಗುರುತನ್ನು ಉಳಿಸಿಕೊಂಡಿರುತ್ತದೆಂಬ ಭ್ರಮೆ ಹುಟ್ಟಿಸುತ್ತವೆ.

ಎರಡನೆಯ ವಾಕ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಮೇಲಿನ ಗೋಲಿಯ ಮಾತು ಅರ್ಥವಾದವರಿಗೆ ಅದರ ತಪ್ಪು ತಾನಾಗಿಯೇ ಕಾಣುತ್ತದೆ. ಬಾಣಲೆಯ ತಳದಲ್ಲಿರುವ ಗೋಲಿಯನ್ನು ಅಂಚಿಗೆ ಎತ್ತಲು ನಾವು ಶಕ್ತಿ ಹಾಕಬೇಕು, ಅದು ನಮಗೆ ಶಕ್ತಿ ಕೊಡುವುದಿಲ್ಲ. ಬಂಧ ಒಡೆಯಲು ಯಾವಾಗಲೂ ಖರ್ಚು. ಬಂಧ ಆಗುವಾಗ ಆದಾಯ. ಹೈಡ್ರೋಜನ್ ಉರಿಯುವುದನ್ನೇ ತೆಗೆದುಕೊಳ್ಳಿ. ಎರಡು ಮೋಲ್ ಹೈಡ್ರೋಜನ್ನಿನ ಬಂಧ ಒಡೆಯಲು 872 ಕಿಲೋಜೂಲ್, ಒಂದು ಮೋಲ್ ಆಕ್ಸಿಜನ್ನಿಗೆ 498, ಒಟ್ಟು ಖರ್ಚು 1370. ಹುಟ್ಟುವ ಎರಡು ಮೋಲ್ ನೀರಿನಾವಿಯಲ್ಲಿ ಹೊಸದಾಗಿ ಆಗುವ ಬಂಧಗಳು ನಾಲ್ಕು ಮೋಲ್. ಒಂದಕ್ಕೆ ಸುಮಾರು 463ರಂತೆ ಆದಾಯ 1852. ಕಳೆದು ಉಳಿಯುವ 482 ಕಿಲೋಜೂಲ್ ಶಾಖವಾಗಿ ಹೊರಬರುತ್ತದೆ. ಅಳತೆ ಮಾಡಿ ಕಂಡುಕೊಂಡ ಮೌಲ್ಯ 484ರ ಆಸುಪಾಸು. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ಪ್ರೋಪೇನ್, ಬ್ಯೂಟೇನ್ ಉರಿಯುವಾಗಲೂ ಇದೇ ಜಮಾಖರ್ಚು. ನಾಬ್ ತಿರುಗಿಸಿದ ಮಾತ್ರಕ್ಕೆ ಒಲೆ ಹತ್ತದೆ ಲೈಟರಿನ ಕಿಡಿ ಬೇಕಾಗುವುದು ಮೊದಲ ಖರ್ಚಿನ ಬಂಡವಾಳಕ್ಕಾಗಿ. ಒಡೆಯುವುದರಿಂದಲೇ ಶಕ್ತಿ ಬರುವಂತಿದ್ದರೆ ಯಾವ ಅಣುವೂ ಉಳಿಯುತ್ತಿರಲಿಲ್ಲ, ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲ. ಜೀವವಿಜ್ಞಾನದ ಪಾಠಗಳಲ್ಲಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣುವಿನ ‘ಅಧಿಕ ಶಕ್ತಿಯ ಬಂಧ’ ಎಂಬ ಮಾತಿನಿಂದ ಈ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನೂ ಲೇಖಕರ ಗಮನಕ್ಕೆ ತರಬಯಸುತ್ತೇನೆ.

ಮುಂದಿನ ಕಂತಿನಲ್ಲಿ ದ್ವಿಬಂಧ, ತ್ರಿಬಂಧಗಳ ವಿವರಣೆ ಬರಲಿದೆ ಎಂದು ಬರಹದ ಕೊನೆಯಲ್ಲಿ ಸೂಚಿಸಲಾಗಿದೆ. ಅಲ್ಲಿ ‘ಒಂದು ಕೈ ಹಿಡಿದರೆ ಏಕಬಂಧ, ಎರಡು ಕೈ ಹಿಡಿದರೆ ದ್ವಿಬಂಧ’ ಎಂಬ ಹಳೆಯ ಹೋಲಿಕೆ ಬಂದೇ ಬರುತ್ತದೆಂದು ನನ್ನ ಊಹೆ. ಬರಲಿ, ಅಡ್ಡಿಯಿಲ್ಲ, ಆದರೆ ಪಕ್ಕದಲ್ಲೇ ಕೆಲವು ಅಂಕಿಗಳನ್ನೂ ಕೊಡಬೇಕೆಂದು ವಿನಂತಿ. ಕಾರ್ಬನ್-ಕಾರ್ಬನ್ ಏಕಬಂಧದ ಉದ್ದ 154 ಪಿಕೋಮೀಟರ್, ಬಲ ಮೋಲಿಗೆ ಸುಮಾರು 347 ಕಿಲೋಜೂಲ್. ದ್ವಿಬಂಧದಲ್ಲಿ ಉದ್ದ 134ಕ್ಕೆ ಇಳಿಯುತ್ತದೆ, ಆದರೆ ಬಲ ಎರಡು ಪಟ್ಟಾಗದೆ 614ಕ್ಕೇ ನಿಲ್ಲುತ್ತದೆ. ಎರಡನೆಯ ಜೋಡಿಯ ಅಲೆಗಳು ಎದುರುಬದುರಾಗಿ ಕೂಡದೆ ಪಕ್ಕದಿಂದ ತಾಗುವುದರಿಂದ ಅದು ಮೊದಲನೆಯದರಷ್ಟು ಗಟ್ಟಿಯಲ್ಲ. ನೈಟ್ರೋಜನ್ನಿನಲ್ಲಿ ಲೆಕ್ಕ ತಲೆಕೆಳಗು: ಏಕಬಂಧಕ್ಕೆ ಸುಮಾರು 160 ಇರುವಲ್ಲಿ ತ್ರಿಬಂಧಕ್ಕೆ 945, ಅಂದರೆ ಮೂರು ಪಟ್ಟಿಗಿಂತ ಎಷ್ಟೋ ಹೆಚ್ಚು. ಎರಡು ನೈಟ್ರೋಜನ್ ಪರಮಾಣುಗಳ ಸ್ವಂತದ ಜೋಡಿಗಳು ಏಕಬಂಧದಲ್ಲಿ ಎದುರಾಬದುರಾಗಿ ಒಂದನ್ನೊಂದು ದೂಡುವುದು ಇದಕ್ಕೆ ಒಂದು ಮುಖ್ಯ ಕಾರಣ. ಕೈ ಹಿಡಿಯುವ ಹೋಲಿಕೆಯಲ್ಲಿ ಇವೆರಡನ್ನೂ ವಿವರಿಸಲು ಬರುವುದಿಲ್ಲ. ಶಕ್ತಿ ಮತ್ತು ದೂರದ ನಡುವಿನ ವಕ್ರರೇಖೆಯ ಒಂದು ಚಿಕ್ಕ ಚಿತ್ರವನ್ನು ಬರಹದ ಜೊತೆ ಅಚ್ಚು ಹಾಕಿಸಲು ಸಾಧ್ಯವಾದರೆ, ಅದಕ್ಕೆ ಬೇಕಾದ ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಕಳಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನವಿಜ್ಞಾನ ಉಪನ್ಯಾಸಕ,
ತಿಪಟೂರು